ಚಿಂದಿ ಕಟ್ಟಿದ ಡೇಲಿಯಾ

ಅಗೆದು ತೆಗೆದ ಗಡ್ಡೆಗಳಲ್ಲಿ ಕೊಳೆಯದೆ ಉಳಿದದ್ದು ಒಂದೇ ಗೊಂಚಲು. ಹಿರಾಬಾಯಿ ಅದನ್ನು ಬಚ್ಚಲ ಕಲ್ಲಿನ ಮೇಲಿಟ್ಟು, ಸೆರಗಿನಿಂದ ಮಣ್ಣು ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಐದು ಗಡ್ಡೆ. ನಾಲ್ಕು ದಪ್ಪಗೆ, ಕಂಡವರು ಗೆಣಸು ಅನ್ನುವ ಹಾಗೆ. ಐದನೆಯದು ಬಡಕಲು, ಆದರೆ ಅದರ ಕುತ್ತಿಗೆಯ ಹತ್ತಿರ, ಒಣಗಿದ ಕಾಂಡಕ್ಕೆ ಅಂಟಿಕೊಂಡ ಜಾಗದಲ್ಲಿ, ಜೋಳದ ಕಾಳಿನಷ್ಟು ಒಂದು ಕೆಂಪು ಕಣ್ಣು ಮೂಡಿತ್ತು. ಉಳಿದ ನಾಲ್ಕಕ್ಕೆ ಕಣ್ಣಿಲ್ಲ. ಡೇಲಿಯಾ ಬಟಾಟೆಯಲ್ಲ, ಮೈತುಂಬ ಕಣ್ಣು ಇರುವುದಿಲ್ಲ. ಕುತ್ತಿಗೆಯಲ್ಲಿದ್ದರೆ ಇತ್ತು, ಇಲ್ಲದಿದ್ದರೆ ಗಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನಲ್ಲಿ ಮಲಗಿ ಕೊಳೆಯುತ್ತದೆಯೇ ಹೊರತು ಏಳುವುದಿಲ್ಲ. ಇದು ಗಿಡ ಸಾಕಿದವರಿಗೆ ಗೊತ್ತು. ಸಾಕಿಸಿದವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿರಲಿಕ್ಕಿಲ್ಲ ಎಂಬ ಮಾತು ಮನಸ್ಸಿಗೆ ಬಂದ ಕೂಡಲೇ ಆಕೆ ಗೊಂಚಲನ್ನು ಕೆಳಗಿಟ್ಟಳು, ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನುವ ಹಾಗೆ.

ಹಿಂದೆ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಫರಶಿ ಕಲ್ಲುಗಳಿದ್ದವು. ನಾಳೆ ಗೌಂಡಿ ಬಂದು ಹಿತ್ತಲಿಗೆಲ್ಲ ಫರಶಿ ಹಾಸುವವನಿದ್ದ. ಸೊಸೆ ಉಜ್ವಲಾಗೆ ಒಣಗಿದ ಬಟ್ಟೆ ತೆಗೆಯುವಾಗ ಚೇಳು ಕಂಡಿದ್ದೇ ನೆಪ. ಆಮೇಲೆ ಬಚ್ಚಲ ನೀರು ಹೊಸ ಪೈಪಿನಲ್ಲಿ ಗಟಾರಕ್ಕೆ ಹೋಗುವಂತಾಯಿತು, ಪೈಪಿಗೆ ಅಗೆದ ತಗ್ಗಿನಲ್ಲಿ ನೀರು ನಿಂತು ಡೇಲಿಯಾ ಸಾಲಿಗೆ ಸಾಲೇ ಕೊಳೆಯಿತು. 'ಹಾಕ್ಸಿಬಿಡ್ರಿ, ನನಗೂ ಬಗ್ಗಾಕ ಆಗಂಗಿಲ್ಲ' ಎಂದು ಹಿರಾಬಾಯಿಯೇ ಹೇಳಿದ್ದಳು. ಹೇಳಿ ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದಳು. ಇವು ಎಂಥ ಹೂವು? ಊರ ಮಂದಿಯ ಡೇಲಿಯಾ ಪುಷ್ಯದಲ್ಲಿ ಬಿಟ್ಟರೆ ಇವಳವು ಫಾಲ್ಗುಣಕ್ಕೆ, ಬಿಸಿಲು ಗಟ್ಟಿಯಾದ ಮೇಲೆ ಬಿಡುವಂಥವು. ಬೆಳಿಗ್ಗೆ ತಲೆಯೆತ್ತಿ ಮಧ್ಯಾಹ್ನಕ್ಕೆ ಜೋತುಬೀಳುತ್ತಿದ್ದವು. ಈ ಸಲ ಜಯಂತಿಗೆ ಬಾಬಾಸಾಹೇಬರ ಫೋಟೋದ ಮುಂದೆ ಇಡಲಿಕ್ಕೆ ಎರಡು ಉಳಿದಿದ್ದವು, ಅವೂ ನಾಲ್ಕಾಣೆಯಷ್ಟು ಸಣ್ಣವು. ಮುಂದಿನ ವರ್ಷಕ್ಕೆ ಇಡುವುದು ಬೇಡ ಎಂದು ಯಾವ ಗದ್ದಲವೂ ಇಲ್ಲದೆ ತೀರ್ಮಾನವಾಗಿತ್ತು. ನಿನ್ನೆ ಸೊಲ್ಲಾಪುರದಿಂದ, ಹಿಂದೆ ತಾನು ಕೆಲಸಕ್ಕಿದ್ದ ಬಂಗಲೆಯ ಯೋಗಿರಾಜನ ಫೋನು ಬಾರದಿದ್ದರೆ ಈ ಗೊಂಚಲೂ ಇಷ್ಟೊತ್ತಿಗೆ ತಿಪ್ಪೆಯಲ್ಲಿರುತ್ತಿತ್ತು.

'ಮಾವಶಿ, ನಮ್ಮ ಅವ್ವ ಹಟಾ ಹಿಡದಾಳ್ರಿ' ಎಂದಿದ್ದ ಅವನು. 'ಆ ಕರೀಕೆಂಪು ಡೇಲಿಯಾ ಬೇಕಂತ. ಪುಣೆದಿಂದ ತರ್ಸಿದ್ವು ಆಕಿಗಿ ಸೇರವೊಲ್ಲವು. ಹಿರಾಬಾಯಿ ಹಂತ್ಯಾಕ ಇದ್ದೇ ಇರ್ತಾವ, ಕೇಳು ಅಂತಾಳ.'

ಮಾವಶಿ, ಚಿಕ್ಕಮ್ಮ ಎಂದ, ರಿ ಹಚ್ಚಿದ. ಚಡ್ಡಿ ಹಾಕುವ ವಯಸ್ಸಿನಲ್ಲಿ ಬಂಗಲೆಯ ಮೆಟ್ಟಿಲ ಮೇಲೆ ನಿಂತು 'ಏ ಹಿರಾ, ನನ್ನ ಚೆಂಡು ಕೊಡು' ಅನ್ನುತ್ತಿದ್ದವನು. ಅದರಲ್ಲಿ ಅವನ ತಪ್ಪೇನಿಲ್ಲ, ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಹಿರಾಬಾಯಿ 'ನೋಡ್ತೀನ್ರಿ' ಎಂದು ಫೋನಿಟ್ಟಳು. ಇಟ್ಟ ಮೇಲೆ ನಿದ್ದೆ ಹೋಯಿತು. ತನಗೆ ಬೇಡವಾದದ್ದು, ನೆಡಲಿಕ್ಕೆ ಜಾಗವೂ ಇಲ್ಲದ್ದು, ಇನ್ನೊಬ್ಬರು ಕೇಳಿದಾಗ ಕೊಡಲಿಕ್ಕೆ ಕೈ ಯಾಕೆ ಬರುವುದಿಲ್ಲ? ಬೆಳಿಗ್ಗೆ ಅಗೆಯುವಾಗ ಅದಕ್ಕೆ ಉತ್ತರವೂ ಸಿಕ್ಕಿತು: ಬೇಡವಾಗಿರಲಿಲ್ಲ. ಇಲ್ಲದಿದ್ದರೂ ನಡೆದೀತು, ಆದರೆ ಆ ಬಂಗಲೆಯಲ್ಲಿ ಮಾತ್ರ ಇರಬಾರದು. ಈ ಉತ್ತರ ಅವಳಿಗೆ ಚಂದ ಕಾಣಲಿಲ್ಲ. ಕುರುಪಿ ತೆಗೆದುಕೊಂಡು ಗೊಂಚಲನ್ನು ಬಿಡಿಸಿದಳು. ನಾಲ್ಕು ದಪ್ಪನೆಯವನ್ನು ಬಟ್ಟೆಯ ಕೈಚೀಲ, ಪಿಶವಿಗೆ ಹಾಕಿದಳು. ಕಣ್ಣಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಂಡು ನಿಂತಳು.

ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಉಜ್ವಲಾ ನರ್ಸಿನ ಸೀರೆಯ ನಿರಿಗೆ ಸರಿಮಾಡುತ್ತ ಬಾಗಿಲಿಗೆ ಬಂದಳು.

'ಅತ್ತಿ, ಹೋಗೂದು ಖರೇನs ಏನ? ಉರಿಬಿಸಲಾಗ? ಬೇಕಾದ್ರ ಅವರ ಕಾರ ತಗೊಂಡ ಬರ್ತಾರ ತಗೋರಿ.'

'ಅವರು ಬಂದ್ರ ಚಹಾ ಮಾಡಬೇಕು, ಮಾತಾಡಬೇಕು. ನಾ ಹೋದ್ರ ಅವರ ಮಾಡ್ತಾರ.'

'ಮತ್ತ ಆ ಕೈಯಾಗಿಂದು? ಪಿಶವಿದಾಗ ಹಾಕ್ರೆಲಾ.'

'ಇದು ಬ್ಯಾರೆ' ಎಂದಳು ಹಿರಾಬಾಯಿ. ಎಲೆಯಡಿಕೆಯ ಸಂಚಿಯ ಒಳಗಿನ ಖಾನೆಯಲ್ಲಿ, ಸುಣ್ಣದ ಡಬ್ಬಿಯನ್ನು ತೆಗೆದು ಹೊರಗಿಟ್ಟು, ಅದನ್ನು ತುರುಕಿದಳು. ಸುಣ್ಣ ತಾಗಿದರೆ ಕಣ್ಣು ಸುಟ್ಟೀತು. ಹಾಗಾದರೆ ಇದನ್ನು ಮನೆಯಲ್ಲೇ ಬಿಡಬಹುದಿತ್ತಲ್ಲ? ಬಿಟ್ಟರೆ ಒಂದು ಬಗೆಯ ತೀರ್ಮಾನ ಆಗಿಹೋಗುತ್ತಿತ್ತು. ಒಯ್ದರೆ ಇನ್ನೂ ಆಗಿಲ್ಲ. ಉಜ್ವಲಾ ಸಂಚಿಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು, ಗಾಡಿಯ ಕೀಲಿ ತೆಗೆದುಕೊಂಡು ಹೋದಳು. ಕೆದಕದಿರುವುದು ಬಲ್ಲ ಸೊಸೆ. ಮಗ ರಾಜರತ್ನ ಇದ್ದಿದ್ದರೆ ಸುಮ್ಮನಿರುತ್ತಿರಲಿಲ್ಲ. ಎಸ್‌.ಟಿ. ಡಿಪೋದ ವರ್ಕ್‌ಶಾಪಿಗೆ ನಸುಕಿನಲ್ಲೇ ಹೋಗಿದ್ದು ಒಳ್ಳೆಯದಾಯಿತು. ಬಂಗಲೆ ಎಂಬ ಮಾತು ಬಂದರೆ ಅವನು ತಾಟು ಸರಿಸಿ ಏಳುವವನು, ಅದೂ ಏನೂ ಗೊತ್ತಿಲ್ಲದೆ. ಗೊತ್ತಿದ್ದರೆ ಏನು ಮಾಡುತ್ತಿದ್ದನೋ.

ಅವಳ ಊರು ಅಕ್ಕಲಕೋಟೆಗೆ ಬರುವ ಬಸ್ಸುಗಳೆಲ್ಲ ಸ್ವಾಮಿಯ ಭಕ್ತರಿಂದ ತುಂಬಿ ಬರುತ್ತಿದ್ದವು, ಸೊಲ್ಲಾಪುರಕ್ಕೆ ಹೋಗುವವು ಖಾಲಿ. ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ವಳಸಂಗದಲ್ಲಿ ಹತ್ತಿದ ಒಬ್ಬ ಹೆಂಗಸು ಪಕ್ಕಕ್ಕೆ ಕುಳಿತು, ತೊಡೆಯ ಮೇಲಿನ ಪಿಶವಿಯಲ್ಲಿ ಇಣುಕಿ, 'ಗೆಣಸೇನ್ರಿ? ಹೆಂಗ ಕೊಟ್ರಿ?' ಎಂದು ಕೇಳಿದಳು. 'ಮಾರೂವಲ್ರಿ' ಎಂದು ಹಿರಾಬಾಯಿ ಪಿಶವಿಯ ಬಾಯಿ ಮುಚ್ಚಿದಳು. ಮುಚ್ಚಿದ ಕೈ ಹಾಗೇ ನಿಂತಿತು. ಎಷ್ಟೋ ವರ್ಷಗಳ ಹಿಂದೆ ಒಂದು ದಿನವೂ ಪಿಶವಿಯ ಬಾಯಿ ಹೀಗೇ ಹಿಡಿದಿದ್ದಳು, ಶಿವರಾತ್ರಿಯ ಹಿಂದಿನ ದಿನ, ಬಂಗಲೆಯ ಗೇಟಿನಲ್ಲಿ. ಒಳಗೆ ಉಪವಾಸಕ್ಕೆಂದು ಒಂದು ಚೀಲ ಗೆಣಸು ಬಂದು ಬಿದ್ದಿತ್ತು, ಅಡುಗೆಮನೆಯಿಂದ ಅದು ಬೇಯುವ ವಾಸನೆ ಅಂಗಳದ ತನಕ ಬರುತ್ತಿತ್ತು. ಅವಳ ಗಂಡ ಭಗವಂತ ಅಲ್ಲಿ ತೋಟದ ಮಾಳಿ. ಅವಳು ಅಂಗಳದ ಕಸ ಹೊಡೆಯುವವಳು. ಆ ಮನೆಯಲ್ಲಿ ಡೇಲಿಯಾಕ್ಕೊಂದು ಪದ್ಧತಿ ಇತ್ತು: ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಹೆಂಗಸರು ಬರುವ ಹೊತ್ತಿಗೆ ಹೂ ಬಿಟ್ಟಿರಬೇಕು, ಬಿಡದ ಗಿಡಕ್ಕೆ ಹಳೆ ಧೋತರದ ಚಿಂದಿ ಕಟ್ಟುವುದು, ಶಿವರಾತ್ರಿಯ ಮುಂಚೆ ಚಿಂದಿ ಕಟ್ಟಿದವನ್ನೆಲ್ಲ ಕಿತ್ತು ತಿಪ್ಪೆಗೆ ಹಾಕುವುದು. ಚಾದರದ ವ್ಯಾಪಾರದವರು, ಓಡದ ಮಾಲನ್ನು ಬೇರೆ ಮಾಡಿ ಅಭ್ಯಾಸ. ಯಜಮಾನ ನಾಗಣ್ಣನವರಿಗೆ ಗಿಡದ ಗೊಡವೆ ಇರಲಿಲ್ಲ, ಅವರ ಹೆಂಡತಿ ಗಂಗುಬಾಯಿಯೇ ಬೆರಳು ಮಾಡಿ ತೋರಿಸುವಳು, ಇದಕ್ಕ ಕಟ್ಟು, ಇದಕ್ಕ ಕಟ್ಟು. ಭಗವಂತ ಕಟ್ಟುವನು. ಅವನು ಹಾಕುವ ಗಂಟು ಎಷ್ಟು ಹಗುರ ಅಂದರೆ ಮೊಗ್ಗು ಅಲುಗುತ್ತಿರಲಿಲ್ಲ. ತಿಪ್ಪೆಗೆ ಬಿದ್ದದ್ದನ್ನು ಒಯ್ದರೆ ಯಾರದೇನು ಹೋಯಿತು ಎಂದು ಹಿರಾಬಾಯಿ ಆರಿಸಿಕೊಂಡಿದ್ದಳು. ಆದ್ದರಿಂದಲೇ ಅವಳ ಹಿತ್ತಲಿನವೆಲ್ಲ ತಡವಾಗಿ ಬಿಡುವವು, ಬೇರೆ ಜಾತಿ ಅವಳ ಕೈಗೆ ಬಂದೇ ಇರಲಿಲ್ಲ.

ಗೇಟಿನಲ್ಲಿ ಗಂಗುಬಾಯಿ ಇಬ್ಬರು ಅತಿಥಿಗಳನ್ನು ಕಳಿಸಲಿಕ್ಕೆ ನಿಂತಿದ್ದಳು. 'ಹಿರಾ, ಪಿಶವಿದಾಗ ಏನದ?' ಎಂದಳು, ಸಿಟ್ಟಿಲ್ಲದೆಯೇ. ಹಿರಾಬಾಯಿ ತೆರೆದು ತೋರಿಸಿದಳು. 'ಗೆಣಸ ಒಯ್ಯಾಕತ್ತೀಯಲ್ಲ, ಕೇಳಿದ್ರ ಕೊಡ್ತಿದ್ದಿಲ್ಲೇನು?' ಅಂದಳು ಗಂಗುಬಾಯಿ. 'ಗೆಣಸಲ್ರಿ, ಡೇಲಿಯಾ ಗಡ್ಡಿ, ತಿಪ್ಪಿಯಾಗಿನದು' ಎಂದಳು ಇವಳು. ಅತಿಥಿಗಳಲ್ಲಿ ಒಬ್ಬಾಕೆ ನಕ್ಕಳು. 'ಗೆಣಸೋ ಗಡ್ಡಿಯೋ ಹೆಂಗ ತಿಳೀಬೇಕವ್ವಾ.' ಯಾರೂ ಕಚ್ಚು ಅನ್ನಲಿಲ್ಲ. ಅಂದಿದ್ದರೆ ನೆನಪಿನಲ್ಲಿ ಇಟ್ಟುಕೊಳ್ಳುವುದು ಸುಲಭವಾಗುತ್ತಿತ್ತು. ಹಿರಾಬಾಯಿ ತಾನೇ ಒಂದನ್ನು ತೆಗೆದು, ಮಣ್ಣಿದ್ದ ಹಾಗೇ, ಹಲ್ಲಿನಿಂದ ಕಚ್ಚಿ, ಬಿಳಿಯ ಒಳಮೈಯನ್ನು ಮೂವರಿಗೂ ತೋರಿಸಿದಳು. ಬಾಯಲ್ಲಿದ್ದದ್ದನ್ನು ಉಗುಳಲಿಕ್ಕೆ ಜಾಗವಿರಲಿಲ್ಲ, ನುಂಗಿದಳು. ನೀರು ನೀರು, ಮಣ್ಣು ಮಣ್ಣು. 'ಒಯ್ಯಿ, ಒಯ್ಯಿ' ಎಂದಳು ಗಂಗುಬಾಯಿ. ಈಗ ಬಸ್ಸು ಕುಂಭಾರಿ ದಾಟಿದರೂ ಅದೇ ರುಚಿ ನಾಲಿಗೆಯ ಬುಡದಲ್ಲಿತ್ತು. ಪಕ್ಕದ ಹೆಂಗಸು ಕೊಟ್ಟ ಬಡೇಸೋಪನ್ನು ಬಾಯಿಗೆ ಹಾಕಿಕೊಂಡರೂ ಹೋಗಲಿಲ್ಲ. ನಾಲ್ಕು ದಪ್ಪ ಗಡ್ಡೆ ಕೊಡುತ್ತೇನೆ. ದಸರೆ ಮುಗಿದ ಮೇಲೆ ನೆಡುತ್ತಾರೆ, ನೀರು ಹಾಕುತ್ತಾರೆ, ಮಣ್ಣು ಬಗೆದು ಬಗೆದು ನೋಡುತ್ತಾರೆ. ಮಣ್ಣನ್ನು ಬೈಯುತ್ತಾರೆ, ಹವೆಯನ್ನು ಬೈಯುತ್ತಾರೆ. ನನ್ನನ್ನು ಬೈಯುವುದಕ್ಕೆ ಯಾರಿಗೂ ಏನೂ ಸಿಗುವುದಿಲ್ಲ.

ಬಂಗಲೆಯ ಅಂಗಳವೂ ಫರಶಿಯದೇ ಆಗಿತ್ತು. ಭಗವಂತ ಮಡಿ ಕಟ್ಟಿದ ಜಾಗದಲ್ಲಿ ಎರಡು ಕಾರು ನಿಂತಿದ್ದವು, ಗೋಡೆಗುಂಟ ಪ್ಲಾಸ್ಟಿಕ್ ಕುಂಡಗಳು. ಹಿರಾಬಾಯಿಗೆ ತನ್ನ ಹಿತ್ತಲು ನೆನಪಾಗಿ ಒಂಥರಾ ನಾಚಿಕೆಯಾಯಿತು, ಇಬ್ಬರೂ ಒಂದೇ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಯೋಗಿರಾಜ ಬಾಗಿಲಿಗೇ ಬಂದು, 'ಬರ್ರಿ ಮಾವಶಿ, ಚಪ್ಪಲ ಅಲ್ಲೇ ಇರಲಿ, ಒಳಗ ಬರ್ರಿ' ಎಂದು ಕರೆದೊಯ್ದು, ಅಂಗಡಿಗೆ ಹೊತ್ತಾಯಿತು ಎಂದು ಹೊರಟುಹೋದ. ಗಂಗುಬಾಯಿ ಕಿಟಕಿಯ ಮುಂದೆ ಕುರ್ಚಿಯಲ್ಲಿದ್ದಳು. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬೆಳಗಿನಿಂದ ಸಂಜೆಯ ತನಕ ಅದೇ ಜಾಗವಂತೆ. ಕುತ್ತಿಗೆಯ ಲಿಂಗದ ಕರಡಿಗೆ ಮೊದಲಿಗಿಂತ ದೊಡ್ಡದಾಗಿ ಕಂಡಿತು, ಕುತ್ತಿಗೆಯೇ ಸಣ್ಣಗಾಗಿತ್ತು. ಚಹಾ ಬಂತು, ಹೂವಿನ ಚಿತ್ರದ ತೆಳು ಕಪ್ಪಿನಲ್ಲಿ, ಬಶಿಯೊಂದಿಗೆ. ಹಿಂದೆ ನಳದ ಮೇಲಿನ ಗೂಡಿನಲ್ಲಿ ಅವಳದೊಂದು ಬೇರೆ ಕಪ್ಪು ಇರುತ್ತಿತ್ತು, ಹಿಡಿಕೆ ಇಲ್ಲದ್ದು, ತಾನೇ ತೊಳೆದು ಬೋರಲು ಹಾಕಿ ಹೋಗಬೇಕು. ಹಿಡಿಕೆ ಇಲ್ಲದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ ಅಭ್ಯಾಸಕ್ಕೆ ಇದನ್ನೂ ಎರಡೂ ಕೈಯಲ್ಲಿ ಹಿಡಿದಳು. ಕುಡಿದಾದ ಮೇಲೆ ಕಪ್ಪನ್ನು ಎಲ್ಲಿ ಇಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ಹಿಡಿದೇ ಕುಳಿತಳು. ಕೆಲಸದ ಹುಡುಗಿ ಬಂದು ತೆಗೆದುಕೊಂಡು ಹೋದಳು.

'ತಂದೀ?' ಎಂದಳು ಗಂಗುಬಾಯಿ.

'ತಂದೀನ್ರಿ ಅಕ್ಕಾರ.'

ಪಿಶವಿಯಿಂದ ನಾಲ್ಕನ್ನೂ ತೆಗೆದು ಸ್ಟೂಲಿನ ಮೇಲೆ ಹರಡಿದಳು. ಗಂಗುಬಾಯಿ ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿ ಅಂಗೈಯಲ್ಲಿ ತೂಗಿದಳು. ತೂಗುವ ಕೈ ಇನ್ನೂ ಅಂಗಡಿಯ ಕೈಯೇ ಆಗಿತ್ತು.

'ಪುಣೆದವು ಸಂಕ್ರಾಂತಿಗಿ ಬಿಡ್ತಾವ, ಹದಿನೈದ ದಿನಕ್ಕ ಮುಗೀತಾವ, ಕುಂಡ ಸಮೇತ ಒಗೀತಾರ. ಶಿವರಾತ್ರಿ ಆದಿಂದ ಈ ಕಿಡಕ್ಯಾಗ ನೋಡಾಕ ಏನೂ ಇರಂಗಿಲ್ಲ ನೋಡು, ಕಾರ ಎರಡ. ಆವಾಗ ನೆನಪಾತು. ನಿನ್ನ ಗಂಡ ಒಂದ ಸಲಾ ಒಂದ ಗಿಡಾ ಕೀಳೂದು ಮರತಿದ್ದ, ನೆನಪೈತೇನು? ಹೋಳಿ ಹುಣ್ಣಿಮಿಗಿ ಬಿಟ್ಟಿತ್ತು. ಕರೀಕೆಂಪು.'

ಅವನು ಮರೆತಿರಲಿಲ್ಲ. ಭಗವಂತ ಚಿಂದಿಯನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದ, ಹಿರಾಬಾಯಿಗೆ ಮಾತ್ರ ತೋರಿಸಿದ್ದ.

'ಮತ್ತ ನೀ' ಎಂದಳು ಗಂಗುಬಾಯಿ, ಗಡ್ಡೆಯನ್ನು ತಿರುಗಿಸುತ್ತ, 'ಒಂದ ಸಲಾ ಇದನ್ನ ಹಸೀದs ಕಚ್ಚಿ ತಿಂದಿದ್ದಿ. ಗೇಟಿನ್ಯಾಗ. ಎಷ್ಟ ಹಸದಿದ್ದೆವ್ವಾ ಪಾಪ. ಒಳಗ ಹೋಗಿ ಕುದಿಸಿದ ಗೆಣಸ ತಂದ ಕೊಟ್ಟಿದ್ದೆ ನಿನಗ.'

ಹಸಿದಿರಲಿಲ್ರೀ, ಕಳ್ಳಿ ಅಲ್ಲ ಅಂತ ತೋರಸಾಕ ಕಚ್ಚಿದೆ ಎಂಬ ಮಾತು ಹಿರಾಬಾಯಿಯ ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು, ಯಾಕೆಂದರೆ ಅದರ ಹಿಂದೆಯೇ ಇನ್ನೊಂದು ಬಂತು. ಗೆಣಸು. ಹೌದು, ಕೊಟ್ಟಿದ್ದಳು. ಹಳೆ ಪೇಪರಿನಲ್ಲಿ ಸುತ್ತಿದ್ದು, ಬಿಸಿ, ಪೇಪರು ಒದ್ದೆಯಾಗಿ ಅಕ್ಷರ ಸಿಪ್ಪೆಗೆ ಅಂಟಿತ್ತು. ಎಲ್ಲಿ ಹೋಗಿತ್ತು ಇದು ಇಷ್ಟು ವರ್ಷ? ಮನೆಗೆ ಒಯ್ದಿರಲಿಲ್ಲ. ಸ್ಟೇಶನ್ನಿನ ಹಿಂದಿನ ಗೋಡೆಯ ನೆರಳಿಗೆ ಕುಳಿತು, ಸಿಪ್ಪೆಯನ್ನೂ ಬಿಡದೆ, ಒಬ್ಬಳೇ ತಿಂದಿದ್ದಳು. ಮನೆಯಲ್ಲಿ ರಾಜರತ್ನ ಜ್ವರ ಬಿಟ್ಟು ಎದ್ದು ಕುಳಿತಿದ್ದ, 'ಆಯಿ ಏನ ತಂದಿ?' ಎಂದು ಕೇಳಿದ್ದ. ಏನೂ ಇಲ್ಲೋ, ಹೂವಿನ ಗಡ್ಡಿ ಎಂದಿದ್ದಳು. ಹಾಗಾದರೆ ಹಸಿದಿದ್ದು ಸುಳ್ಳಲ್ಲ. ಕಚ್ಚಿದ್ದೂ ಸುಳ್ಳಲ್ಲ. ಈ ಮುದುಕಿ ಪಿಶವಿ ತೆರೆಸಿದ್ದನ್ನು ಬಿಟ್ಟು ಗೆಣಸನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದಳು, ತಾನು ಗೆಣಸನ್ನು ಬಿಟ್ಟು ಗೇಟನ್ನು ಇಟ್ಟುಕೊಂಡಿದ್ದಳು. ಗಂಗುಬಾಯಿ ದಪ್ಪ ಗಡ್ಡೆಯನ್ನು ಸೆರಗಿನಿಂದ ಒರೆಸಿದಳು, ಬೆಳಿಗ್ಗೆ ಇವಳು ಒರೆಸಿದ ಹಾಗೆಯೇ.

'ಇದು ಚಲೋ ಐತಿ. ಇದನ್ನ ಈ ಕಿಡಕಿ ಮುಂದಿನ ಕುಂಡದಾಗ ಹಚ್ಚಸ್ತೀನಿ.'

'ಅದು ಹುಟ್ಟಂಗಿಲ್ರಿ' ಎಂದಳು ಹಿರಾಬಾಯಿ.

'ಆಂ?'

'ನಾಲ್ಕೂ ಹುಟ್ಟಂಗಿಲ್ರಿ ಅಕ್ಕಾರ. ಕಣ್ಣಿಲ್ಲ ಅವಕ್ಕ.'

ಗಂಗುಬಾಯಿ ಗಡ್ಡೆಯನ್ನು ಸ್ಟೂಲಿನ ಮೇಲಿಟ್ಟಳು. ಗಿರಾಕಿ ಮಾತಾಡುವಾಗ ಮಾಲನ್ನು ನೋಡದೆ ಗಿರಾಕಿಯ ಮುಖವನ್ನು ನೋಡುವವರ ನೋಟ ಅದು.

'ಹಂಗಾದ್ರ ಯಾಕ ತಂದಿ?'

ಸುಳ್ಳು ಹೇಳಿದ್ದರೆ ತಲೆಯೆತ್ತಿ ಹೊರಬೀಳಬಹುದಿತ್ತು, ಖರೆ ಹೇಳಿ ಸಿಕ್ಕಿಬಿದ್ದಿದ್ದಳು. ಹಿರಾಬಾಯಿ ಸೀರೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು.

'ಕಣ್ಣಿದ್ದದ್ದು ಎಲ್ಲಿಟ್ಟಿ?' ಎಂದಳು ಗಂಗುಬಾಯಿ.

ಸಂಚಿಯನ್ನು ತೆಗೆದು, ದಾರ ಬಿಚ್ಚಿ, ಒದ್ದೆ ಬಟ್ಟೆಯನ್ನು ಬಿಡಿಸಿದಳು. ಗಂಗುಬಾಯಿ ಅದನ್ನೂ ನೋಡಿದಳು, ಸ್ಟೂಲಿನ ಮೇಲಿನ ನಾಲ್ಕನ್ನೂ ನೋಡಿದಳು. ಅವಳ ಹೊಟ್ಟೆ ಮೆಲ್ಲಗೆ ಅಲುಗತೊಡಗಿತು. ನಗುತ್ತಿದ್ದಳು.

'ಅಂಗಡ್ಯಾಗ ನಮ್ಮವರೂ ಹಿಂಗs ಮಾಡ್ತಿದ್ರು. ಮ್ಯಾಲ ತೋರ್ಸೂ ಚಾದರ ಒಂದ, ಕಟ್ಟಿ ಕೊಡೂದು ಒಂದ. ನಮ್ಮ ಮನ್ಯಾಗ ಕಲತಿ ಏನು?'

'ನಿಮ್ಮ ಮನ್ಯಾಗ ಕಲಿಯೂದೇನ ಐತ್ರಿ, ನನಗ ಮೊದ್ಲs ಬರ್ತಿತ್ತು.'

'ಕೊಡು ಇಲ್ಲಿ.'

ಕೊಟ್ಟಳು. ಮುದುಕಿಯ ಹೆಬ್ಬೆರಳು ಕಣ್ಣಿನ ಮೇಲೆ ಆಡುತ್ತಿತ್ತು, ಮೆಲ್ಲಗೆ, ಆದರೆ ಉಗುರು ಬೆಳೆದಿತ್ತು. ಇಷ್ಟು ತಾಗಿದರೆ ಸಾಕು, ಕಳಚಿ ಬೀಳುತ್ತದೆ. ಬಿದ್ದರೆ ಇದೂ ಐದನೆಯ ಗೆಣಸು. ಹಿರಾಬಾಯಿಗೆ ಬೆಳಗಿನಿಂದ ಮೊದಲ ಸಲ ವಿಷಯ ಸರಳವಾಯಿತು. ಇದು ಬೇಕು. ಫರಶಿ ಹಾಸಿದರೂ ಬೇಕು. ಇದನ್ನು ಯಾರಿಗೂ ಕೊಡದೆ ಇರುವುದಕ್ಕಲ್ಲ, ಬರೇ ಬೇಕು.

'ಉಗರ ತಾಗೀತ್ರಿ' ಎಂದಳು. 'ನೋಡಿ ಆಗಿದ್ರ ವಾಪಸ ಕೊಡ್ರಿ.'

'ಇದನ್ನ ಇಲ್ಲಿ ಬಿಟ್ಟ ಹೋಗಂಗಿಲ್ಲಾ?'

'ಇಲ್ರಿ. ಇಲ್ಲಿ ಬಿಟ್ರ ಯಾರರ ನೀರ ಸುರುವಿ ಕೊಳಸ್ತಾರ. ನಾ ಇಟ್ಕೋತೀನಿ. ದಸರಾ ಆದ ಮ್ಯಾಲ ಹಚ್ಚತೀನಿ. ಚಿಗತ ಮ್ಯಾಲ ತುದಿ ಕೊಯ್ದು ಉಸುಕಿನ್ಯಾಗ ಊರಿ, ಬೇರ ಬಿಟ್ಟಿಂದ ನಿಮಗೊಂದು ಕುಂಡ ತಂದ ಕೊಡ್ತೀನಿ. ನಾನs ತರ್ತೀನಿ.'

ಆ ಮನೆಯಲ್ಲಿ ಇಲ್ರಿ ಎಂಬ ಮಾತು ಅವಳ ಬಾಯಿಂದ ಎಂದೂ ಬಂದಿರಲಿಲ್ಲ. ಬಂದದ್ದಕ್ಕೆ ಗೋಡೆಯೇನೂ ಬೀಳಲಿಲ್ಲ.

'ಹೂ ಯಾವಾಗ?'

'ಫಾಲ್ಗುಣಕ್ಕರಿ. ಇದು ಸಂಕ್ರಾಂತಿಗಿ ಬಿಡೂದಲ್ಲ, ನಿಮಗs ಗೊತ್ತೈತಿ.'

'ಅಲ್ಲೀ ತನಕ ನಾ ಇರಬೇಕಲ್ಲ.'

'ಇರ್ರಿ' ಎಂದಳು ಹಿರಾಬಾಯಿ.

ಗಂಗುಬಾಯಿ ಬಟ್ಟೆಯನ್ನು ತಾನೇ ಸುತ್ತಿ, ಸುತ್ತಲಿಕ್ಕೆ ಬಾರದೆ ಅರ್ಧಕ್ಕೆ ಬಿಟ್ಟು, ಮುಂದೆ ಚಾಚಿದಳು. 'ಒಯ್ಯಿ' ಎಂದಳು. ಆಮೇಲೆ ಸ್ಟೂಲಿನ ಕಡೆ ಕೈ ಮಾಡಿ, 'ಅವು ಇಲ್ಲೇ ಇರಲಿ. ತಂದಾಳ ಅಂತ ಯೋಗಿರಾಜಗ ತೋರಸ್ತೀನಿ. ಹುಟ್ಟಂಗಿಲ್ಲ ಅಂತ ಅವಗೇನ ಹೇಳೂದು ಬ್ಯಾಡ, ನೀರ ಹಾಕ್ಕೋತ ಇರಲಿ.'

ಗೇಟಿನ ಹತ್ತಿರ ಬಂದಾಗ ವಾಚಮನ್ ಕುರ್ಚಿಯಿಂದ ಎದ್ದ. ಎದ್ದದ್ದು ಗೇಟು ತೆಗೆಯಲಿಕ್ಕೆ. ಹಿರಾಬಾಯಿಯ ಕೈಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಪಿಶವಿಯ ಬಾಯಿ ಅಗಲಿಸಿ ಅವನ ಮುಂದೆ ಹಿಡಿದಿದ್ದವು. ಖಾಲಿ ಪಿಶವಿ, ತಳದಲ್ಲಿ ಚೂರು ಮಣ್ಣು. 'ಕಾಯ್ ಆಜಿ, ಕಾಹೀ ವಿಸರಲಾತ ಕಾ?' ಎಂದ ಆತ, ಏನಾದರೂ ಮರೆತು ಬಂದಳೇನೋ ಎಂದುಕೊಂಡು. 'ನಾಹೀ ಬಾಬಾ' ಎಂದು ಅವಳು ಪಿಶವಿಯನ್ನು ಬೋರಲು ಮಾಡಿ, ಮಣ್ಣನ್ನು ಅಲ್ಲೇ ಫರಶಿಯ ಮೇಲೆ ಕೊಡವಿ, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು.

ಮರುದಿನ ಗೌಂಡಿ ದಾರ ಹಿಡಿದು ಹಿತ್ತಲು ಅಳೆಯುವಾಗ ಹಿರಾಬಾಯಿ ಬೇವಿನ ನೆರಳಿನ ಮೂಲೆಯಲ್ಲಿ ಮಣೆ ಹಾಕಿ ಕುಳಿತಿದ್ದಳು.

'ಏಳ್ರಿ ಅಜ್ಜಿ, ಅಲ್ಲೀ ತನಕ ಬರ್ತದ ದಾರ.'

'ಇಲ್ಲೊಂದು ಫರಶಿ ಬಿಡು.'

'ಚೇಳ ಬರ್ತಾವಂತ ಫರಶಿ ಹಾಕಸೂದು, ಮತ್ತ ಚೇಳಿಗೊಂದು ಬಾಗಲಾ ಬಿಡೂದು' ಎಂದ ಗೌಂಡಿ.

'ಅತ್ತಿ, ಹಾಕ್ಸಿಬಿಡ್ರಿ ಅಂದವರು ನೀವs' ಎಂದಳು ಉಜ್ವಲಾ, ಬಾಗಿಲಿನಿಂದ.

'ಅಂದಿದ್ದೆ. ಈಗ ಬಿಡ್ರಿ ಅನ್ನಾಕತ್ತೀನಿ.'

'ನೀರು?'

'ಜಳಕಾ ಆದಿಂದ ತಂಬಿಗಿ ತುಂಬಿ ನಾನs ಹಾಕ್ತೀನಿ.'

ರಾಜರತ್ನ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದ. 'ಬಂಗಲೆಕ್ಕ ಕೊಡಾಕಲ್ಲೇನು ಆಯಿ ಅದು?' ಎಂದು ಕೇಳಿದ, ಉಜ್ವಲಾ ಹೇಳಿರಬೇಕು. ಹಿರಾಬಾಯಿ ಅವನ ಕಡೆ ನೋಡಿದಳು. ಜ್ವರ ಬಿಟ್ಟೆದ್ದ ಹುಡುಗ ಕಾಣಲಿಲ್ಲ, ಮೀಸೆ ನೆರೆತ ಗಂಡಸು ಕಂಡ. 'ಗೆಣಸ ಸಿಕ್ಕರ ತಗೊಂಬಾ ಸಂಜೀಕ' ಎಂದಳು. 'ಕುದಿಸಿ ಕೊಡ್ತೀನಿ.' ಅವನಿಗೆ ಅರ್ಥವಾಗಲಿಲ್ಲ. ಬೇಸಿಗೆಯಲ್ಲಿ ಎಲ್ಲಿಯ ಗೆಣಸು ಎಂದುಕೊಂಡು ಬಾಯಿ ಮುಕ್ಕಳಿಸಲಿಕ್ಕೆ ಹೋದ.

ಗಡಿಗೆಗೆ ಒಣ ಉಸುಕು ತುಂಬಿ, ನಡುವೆ ಗಡ್ಡೆಯನ್ನು ಕಣ್ಣು ಮೇಲೆ ಬರುವ ಹಾಗೆ ಇಟ್ಟು, ಮತ್ತೆ ಉಸುಕು ಮುಚ್ಚಿದಳು. ಅಡುಗೆಮನೆಯ ಮೂಲೆಯಲ್ಲಿ, ತಂಪಿಗೆ ಇಟ್ಟಳು. ಆಮೇಲೆ ಹಳೆ ಧೋತರವೊಂದನ್ನು ಹುಡುಕಿ, ಅಂಚಿನಿಂದ ಒಂದು ಚಿಂದಿ ಹರಿದು, ಗಡಿಗೆಯ ಕೊರಳಿಗೆ ಕಟ್ಟಿದಳು. ಭಗವಂತನಷ್ಟು ಹಗುರಾಗಿ ಗಂಟು ಬರಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದಳು.

'ಇದೇನತ್ತಿ?' ಎಂದಳು ಉಜ್ವಲಾ.

'ಗುರುತು' ಎಂದಳು ಹಿರಾಬಾಯಿ. 'ಚಿಂದಿ ಕಟ್ಟಿದ್ದನ್ನ ಒಗೀಬ್ಯಾಡ್ರಿ ಮತ್ತ.'